ಮೊಟ್ಟೆ ಕೊಯ್ಯುವ ಕೈ

ಕಾಫಿಯ ಲೋಟವನ್ನು ಎಡಗೈಯಲ್ಲಿ ಹಿಡಿಯುವುದನ್ನು ಓರಿನ್ ಅಭ್ಯಾಸ ಮಾಡಿಕೊಂಡು ಐದು ತಿಂಗಳಾಗಿತ್ತು. ಎದುರಿಗೆ ಕೂತ ನಡೀನ್ ಅದನ್ನು ಕಂಡೂ ಕಾಣದವಳಂತೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಅವಳು ಸವರುವ ರೀತಿ, ಒಂದು ಮೂಲೆಯನ್ನೂ ಬಿಡದೆ, ಚಾಕುವನ್ನು ಒಂದೇ ಹದದಲ್ಲಿ ಎಳೆಯುವ ಆ ನಿಧಾನ, ಬೆಳಗ್ಗೆ ಬೆಳಗ್ಗೆಯೇ ಅವನ ಮೈ ಉರಿಸಿತು. ನಡುಗದ ಕೈ ತನಗಿದೆ ಎಂದು ತೋರಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವಳು ಹೀಗೆ ಎಂದೂ ಬೆಣ್ಣೆ ಸವರಿರಲಿಲ್ಲ. ಅಥವಾ ಯಾವಾಗಲೂ ಹೀಗೆಯೇ ಸವರುತ್ತಿದ್ದಳು, ಅವನೇ ನೋಡಿರಲಿಲ್ಲ. ಅವನ ಬಲಗೈ ತೊಡೆಯ ಮೇಲೆ ಏನೂ ಅರಿಯದ ಪಾಪದ ಪ್ರಾಣಿಯಂತೆ ಬಿದ್ದುಕೊಂಡಿತ್ತು. ಸುಮ್ಮನಿದ್ದಾಗ ಅದಕ್ಕೆ ಏನೂ ಇಲ್ಲ. ಒಂದು ಚಮಚ, ಒಂದು ಪೆನ್ನು, ಒಂದು ಬೀಗದ ಕೈ, ಏನನ್ನಾದರೂ ಎತ್ತಿಕೊಳ್ಳಲು ಹೋದರೆ ಶುರು.

"ಗಾರ್ತ್ ಹತ್ತು ಗಂಟೆಗೆ ಬರ್ತಾನಂತೆ, ಹಾವಿನ ಮೊಟ್ಟೆ ತಗೊಂಡು," ಎಂದಳು ನಡೀನ್. ಗಾರ್ತ್ ಅವಳ ತಂಗಿಯ ಗಂಡ. "ಇವತ್ತಿಗೆ ಐವತ್ತೈದು ದಿನವಂತೆ."

"ಗೊತ್ತು."

"ಅವನಿಗೆ ಹೇಳಿಬಿಡು ಓರಿನ್."

"ಏನು ಹೇಳಬೇಕು?"

"ಏನು ಅಂತ ನನ್ನ ಬಾಯಲ್ಲಿ ಬರಬೇಕಾ? ಅದೇನು ಕಳ್ಳತನ ಮಾಡಿದ ಹಾಗಾ? ಡಾಕ್ಟರು ಅಂದರಲ್ಲ, ಸ್ವಲ್ಪ ನಡುಕ ಅಷ್ಟೆ ಅಂತ."

ಸ್ವಲ್ಪ ನಡುಕ ಅಷ್ಟೆ. ಡಾಕ್ಟರು ಇನ್ನೂ ಮೀಸೆ ಬಲಿಯದ ಹುಡುಗನಂತಿದ್ದ. ಕಾಗದದ ಮೇಲೆ ಓರಿನ್‌ನಿಂದ ಒಂದು ಸುರುಳಿ ಬರೆಸಿದ್ದ. ಆ ಸುರುಳಿಯ ಗೆರೆ ಗರಗಸದ ಹಲ್ಲಿನಂತೆ ಬಂದಿತ್ತು. ಅದನ್ನು ಬೆಳಕಿಗೆ ಹಿಡಿದು, "ನೀವು ಹೆದರಿದ್ದ ಆ ದೊಡ್ಡ ಕಾಯಿಲೆ ಅಲ್ಲ ಇದು. ಸ್ವಲ್ಪ ನಡುಕ. ಪೂರ್ತಿ ಆಯುಸ್ಸು ಬದುಕ್ತೀರಿ, ಚೆನ್ನಾಗಿ ಊಟ ಮಾಡ್ತೀರಿ," ಎಂದಿದ್ದ. ಆ ಮಾತು ಕೇಳಿದಾಗ ಓರಿನ್‌ಗೆ ತಟ್ಟನೆ ಗುರುತು ಹತ್ತಿತ್ತು. ಅದು ಅವನದೇ ಮಾತು. ಹದಿನೈದು ವರ್ಷದಿಂದ ಆ ಕೊನೆಯ ಮೂರು ಮಾತುಗಳನ್ನು ಇದೇ ಕ್ರಮದಲ್ಲಿ ಅವನು ಜನರಿಗೆ ಹೇಳುತ್ತ ಬಂದಿದ್ದ.

ತಾನು ಸಾಕಿ ಮಾರುವ ಜೇಡನ ತಳಿಯ ಹಾವುಗಳ ಬಗ್ಗೆ ಹೇಳುತ್ತಿದ್ದ ಮಾತು ಅದು. ಚೆಂಡಿನಂತೆ ಸುತ್ತಿಕೊಳ್ಳುವ ಪುಟ್ಟ ಹೆಬ್ಬಾವುಗಳಲ್ಲಿ ಜೇಡರಬಲೆಯಂಥ ಕಪ್ಪು ಗೆರೆಗಳು ಬರುವ ತಳಿ; ನೋಡಲು ಕಣ್ಣಿಗೆ ಹಬ್ಬ. ಆದರೆ ಆ ಗೆರೆಗಳ ಜೊತೆಯಲ್ಲೇ ತಲೆಯ ಓಲಾಟವೂ ಬರುತ್ತದೆ. ಸುಮ್ಮನೆ ಮಲಗಿದ್ದಾಗ ಏನೂ ಕಾಣುವುದಿಲ್ಲ. ಹಸಿವಾದಾಗ, ಏನಾದರೂ ಬೇಕೆನಿಸಿದಾಗ, ತಲೆ ಮೇಲಕ್ಕೆತ್ತಿ ಕುತ್ತಿಗೆ ತಿರುಚಿ ಗಾಳಿಯಲ್ಲಿ ಸ್ಕ್ರೂ ತಿರುಗಿಸಿದಂತೆ ತಿರುಗಿಸುತ್ತದೆ. ಹಾಗಾಗಿ ಕೊಳ್ಳಲು ಬಂದವರಿಗೆ ತೋರಿಸುವ ಹಿಂದಿನ ದಿನವೇ ಅವುಗಳಿಗೆ ಹೊಟ್ಟೆ ತುಂಬ ತಿನ್ನಿಸಿಡುತ್ತಿದ್ದ. ಇದು ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಕೇಳಿದವರಿಗೆ ಹೇಳುತ್ತಾನಲ್ಲ, ಸ್ವಲ್ಪ ಓಲಾಡುತ್ತದೆ ಅಷ್ಟೆ ಎಂದು. ಒಬ್ಬಳು, ಶಾಲೆಯ ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೆಂಗಸು, ಕೊಂಡ ಹಾವನ್ನು ಮೂರು ತಿಂಗಳಿಗೆ ಹಳದಿ ಹೂವಿನ ದಿಂಬಿನ ಚೀಲದಲ್ಲಿ ಹಾಕಿಕೊಂಡು ವಾಪಸು ತಂದಳು. ಇಲಿ ಕಣ್ಣೆದುರಿಗಿದ್ದರೂ ಅದಕ್ಕೆ ಸಿಗುವುದಿಲ್ಲ, ಎಂಟು ಸಲ ಹತ್ತು ಸಲ ಗುರಿ ತಪ್ಪುತ್ತದೆ, ನೋಡಲಾಗುವುದಿಲ್ಲ ಎಂದು ಬಾಗಿಲಲ್ಲೇ ನಿಂತು ಅತ್ತಳು. "ಹಾವಿಗೇನೂ ಆಗಿಲ್ಲಮ್ಮ, ನೋಡೋಕೆ ನಿಮಗಾಗ್ತಿಲ್ಲ. ಹೋಗಿ ಒಂದು ಬೆಕ್ಕು ಸಾಕಿಕೊಳ್ಳಿ," ಎಂದು ಅವಳ ಮುಖಕ್ಕೆ ಹೊಡೆದಂತೆ ಹೇಳಿ ಹಾವನ್ನು ಇಸಿದುಕೊಂಡಿದ್ದ. ಆ ಹಾವು ಈಗಲೂ ಕೆಳಗಿದೆ. ಡೀಕನ್ ಎಂದು ಹೆಸರಿಟ್ಟು, ಒಳ್ಳೆಯ ಬಣ್ಣವೆಂದು ಅದನ್ನೇ ಹೆಣ್ಣುಗಳ ಜೊತೆ ಬಿಟ್ಟು ಮರಿ ಮಾಡಿಸಿದ. ದಿಂಬಿನ ಚೀಲವೂ ಇದೆ, ನಡೀನ್ ಅದನ್ನು ಒಗೆದು ಬಳಸುತ್ತಾಳೆ. ವಾರಕ್ಕೆ ಎರಡು ಸಲವಾದರೂ ಆ ಹಳದಿ ಹೂವು ಅವನ ಕೆನ್ನೆಯ ಕೆಳಗೆ ಬರುತ್ತದೆ.

ಗಾರ್ತ್‌ನ ಪಿಕಪ್ ಅಂಗಳಕ್ಕೆ ಬಂದ ಸದ್ದಾಯಿತು. ಕಿಟಕಿಯಿಂದ ನೋಡಿದರೆ ಜೋಳದ ಹೊಲದ ಹಸಿರಿನ ಮುಂದೆ ಆ ದಡಿಯ ಪಕ್ಕದ ಸೀಟಿನ ಬೆಲ್ಟು ಬಿಚ್ಚಿ, ಥರ್ಮೊಕೋಲ್ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಳ್ಳುತ್ತಿದ್ದ. ಪೆಟ್ಟಿಗೆಗೆ ಬೆಲ್ಟು ಹಾಕಿಕೊಂಡು ಬಂದಿದ್ದಾನೆ! ಓರಿನ್‌ಗೆ ನಗು ಬಂತು, ನಗುವಿನ ಹಿಂದೆಯೇ ಅಸಹ್ಯ ಬಂತು. ಈ ಮನುಷ್ಯನನ್ನು ಕಂಡರೆ ಅವನಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಒದ್ದೆಯಾದ ಕಣ್ಣು, ಯಾವಾಗಲೂ ಯಾರದೋ ಮೆಚ್ಚುಗೆಗೆ ಕಾಯುವ ಮುಖ. ಪ್ರತಿ ಜನವರಿಯಲ್ಲಿ ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ಓರಿನ್ ಹೊಸಬರಿಗಾಗಿ ಕೊಡುವ ಭಾಷಣಕ್ಕೆ, ಮೊದಲ ಸಲ ಮರಿ ಮಾಡಿಸುವವರು ಏನೇನು ನಿರೀಕ್ಷಿಸಬೇಕು ಎಂಬುದಕ್ಕೆ, ಗಾರ್ತ್ ಏಳು ವರ್ಷದಿಂದ ತಪ್ಪದೆ ಮೊದಲ ಸಾಲಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದ. ಅದೇ ಭಾಷಣವನ್ನು. ಹೆಣ್ಣು ಊಟ ಬಿಡುತ್ತಾಳೆ, ಹೆದರಬೇಡಿ. ತಣ್ಣಗಿನ ಮೂಲೆ ಹುಡುಕುತ್ತಾಳೆ, ನೀರಿನ ಬಟ್ಟಲನ್ನು ತಬ್ಬಿಕೊಳ್ಳುತ್ತಾಳೆ, ಹೊಟ್ಟೆ ಮೇಲೆ ಮಾಡಿ ಮಲಗುತ್ತಾಳೆ. ಪೊರೆ ಬಿಟ್ಟ ಮೇಲೆ ಒಂದು ತಿಂಗಳು ಎಣಿಸಿ, ಮೊಟ್ಟೆ ಇಡುತ್ತಾಳೆ. ಮೊಟ್ಟೆಯನ್ನು ಅವಳ ಸುತ್ತಿನಿಂದ ತೆಗೆಯುವಾಗ ಅವಳು ನಿಮ್ಮನ್ನು ದ್ವೇಷಿಸುತ್ತಾಳೆ, ಅದು ಅವಳ ಹಕ್ಕು. ಪ್ರತಿ ಮೊಟ್ಟೆಯ ನೆತ್ತಿಗೂ ಪೆನ್ಸಿಲ್ಲಿನಲ್ಲಿ ಒಂದು ಚುಕ್ಕೆ ಇಡಿ. ಆ ಚುಕ್ಕೆ ಎಂದೂ ಮೇಲೇ ಇರಬೇಕು, ಮಗುಚಿದರೆ ಒಳಗಿನ ಜೀವ ಉಸಿರುಕಟ್ಟಿ ಸಾಯುತ್ತದೆ. ಐವತ್ತೈದನೆಯ ದಿನ ಕತ್ತರಿಯಿಂದ ಸಿಪ್ಪೆ ಕೊಯ್ಯಿರಿ. ಆಗ ಯಾರೋ ಹಿಂದಿನಿಂದ ಕೇಳುತ್ತಾರೆ, ಬಿಟ್ಟರೆ ಅವೇ ಸೀಳಿಕೊಂಡು ಬರುವುದಿಲ್ಲವೇ ಎಂದು. ಓರಿನ್ ಉತ್ತರ ಹೇಳುತ್ತಾನೆ, "ಕಾಯೋರು ಕೋಳಿ ಸಾಕಿ." ಎಲ್ಲರೂ ನಗುತ್ತಾರೆ. ಈ ಜನವರಿಯಲ್ಲಿ ಆ ನಗುವಿಗೆ ಮೊದಲೇ ಮೈಕಿನಲ್ಲಿ ಏನೋ ಸರಸರ ಸದ್ದು ಬರತೊಡಗಿತ್ತು. ಅದು ತನ್ನ ಕೈಯಲ್ಲಿದ್ದ ಕಾಗದದ್ದು ಎಂದು ಗೊತ್ತಾಗಲು ಅವನಿಗೆ ಒಂದು ನಿಮಿಷ ಹಿಡಿಯಿತು. ಕಾಗದವನ್ನು ಮೇಜಿನ ಮೇಲಿಟ್ಟು ಉಳಿದದ್ದನ್ನು ಬಾಯಿಪಾಠದಿಂದ ಹೇಳಿದ. ಗಾರ್ತ್ ಚಪ್ಪಾಳೆ ತಟ್ಟಿದ್ದ, ಎದ್ದು ನಿಂತು.

ನೆಲಮಾಳಿಗೆಯಲ್ಲಿ ಗೋಡೆಯುದ್ದಕ್ಕೂ ಮೇಜಿನ ಖಾನೆಗಳಂತೆ ಎಳೆಯುವ ಪ್ಲಾಸ್ಟಿಕ್ ಡಬ್ಬಿಗಳು, ಒಂದೊಂದರಲ್ಲಿ ಒಂದೊಂದು ಹಾವು. ಕೆಳಗಿನ ಬೆಚ್ಚನೆ ವಾಸನೆಗೆ ಬಂದೊಡನೆ ಗಾರ್ತ್ ಎಂದಿನಂತೆ ಮೂಗು ಅರಳಿಸಿ, "ಆಹಾ," ಎಂದ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದ. ಒದ್ದೆ ಪುಡಿಯ ಹಾಸಿಗೆಯಲ್ಲಿ ಆರು ಬಿಳಿ ಮೊಟ್ಟೆ, ಒಂದಕ್ಕೊಂದು ಅಂಟಿಕೊಂಡು, ಆರರ ನೆತ್ತಿಯಲ್ಲೂ ಚುಕ್ಕೆ. ತಪ್ಪು ಹುಡುಕಲು ಹೋದ ಓರಿನ್‌ನ ಕಣ್ಣಿಗೆ ಒಂದು ತಪ್ಪೂ ಸಿಗಲಿಲ್ಲ.

"ಮೂವತ್ತು ಮೈಲಿಗಿಂತ ಜೋರಾಗಿ ಓಡಿಸಲಿಲ್ಲ ಕಣಯ್ಯ. ಹಿಂದೆ ಒಬ್ಬ ಹಾರನ್ ಹೊಡೆದೂ ಹೊಡೆದೂ ಸತ್ತ," ಎಂದ ಗಾರ್ತ್.

"ಬಿಸಿ ಎಷ್ಟಿಟ್ಟಿದ್ದೆ?"

"ನೀನು ಹೇಳಿದಷ್ಟೇ. ಒಂದು ಗೆರೆ ಆಚೆ ಈಚೆ ಆಗಿಲ್ಲ."

ಓರಿನ್ ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ನಿಂತ. "ಇನ್ನೈದು ದಿನ ಬಿಡು ಇವನ್ನ. ಅವೇ ಸೀಳಿಕೊಂಡು ಬರ್ತವೆ. ಏನವಸರ?"

ಗಾರ್ತ್ ನಕ್ಕ. ಆಮೇಲೆ ಓರಿನ್‌ನ ಮುಖ ನೋಡಿ ನಗು ನಿಲ್ಲಿಸಿದ. "ಇದನ್ನ ನೀನು ಹೇಳ್ತಿದೀಯಾ? ಕಾಯೋರು ಕೋಳಿ ಸಾಕಿ ಅಂದಿದ್ದು ಯಾರು ಹಾಗಾದ್ರೆ? ಹೋದ ವರ್ಷ ಆ ಟೊಲೆಡೋದವನ ಒಂಬತ್ತು ಮೊಟ್ಟೆ ಕೊಯ್ದುಕೊಟ್ಟೆ. ಗುರುತಿಲ್ಲದವನಿಗೆ ಕೊಯ್ತೀಯ, ಮನೆಯವನಿಗೆ ಆಗಲ್ವಾ?"

"ಆಗಲ್ಲ ಅಂದ್ನಾ? ಕಾಯಿ ಅಂದೆ."

"ಆರು ವರ್ಷ ಕಾದಿದೀನಿ ಓರಿನ್."

ಅದು ನಿಜ. ಆರು ವರ್ಷದ ಹಿಂದೆ ಓರಿನ್ ಅವನಿಗೆ ಒಂದು ಜೋಡಿ ಮರಿ ಕೊಟ್ಟಿದ್ದ, ಎರಡೂ ಬರಿಯ ಕಂದು, ಕಾಡಿನಲ್ಲಿ ಸಿಗುವಂಥವು. ಇವುಗಳ ರಕ್ತದಲ್ಲಿ ಬಿಳಿ ಅಡಗಿದೆ, ಮೈಯ ಮೇಲೆ ಕಾಣುವುದಿಲ್ಲ, ಎರಡನ್ನೂ ಬೆಳೆಸಿ ಕೂಡಿಸಿದರೆ ನಾಲ್ಕರಲ್ಲಿ ಒಂದಾದರೂ ಹಾಲು ಚೆಲ್ಲಿದಂಥ ಬಿಳಿಕಲೆಯ ಮರಿ ಬರುತ್ತದೆ ಎಂದು ಮಾತು ಕೊಟ್ಟಿದ್ದ. ಹಾವು ಸಾಕುವವರ ಈ ಲೋಕದಲ್ಲಿ ಅದಕ್ಕೆ ಮಾತಲ್ಲದೆ ಬೇರೆ ಪುರಾವೆಯಿಲ್ಲ. ಹೆಣ್ಣು ತೂಕಕ್ಕೆ ಬರಲು ನಾಲ್ಕು ವರ್ಷ, ಒಂದು ವರ್ಷ ಬರಿದೇ ಹೋಯಿತು, ಇನ್ನೊಂದು ವರ್ಷ ಜೊಳ್ಳುಮೊಟ್ಟೆ. ಓರಿನ್‌ನ ಮಾತು ಕಟ್ಟಿಕೊಂಡು ಕಂದು ಹಾವಿಗೆ ಇಲಿ ಹಾಕುತ್ತಿದ್ದಾನೆ ಎಂದು ಜೊತೆಯವರು ಗಾರ್ತ್‌ನನ್ನು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವವರ ಜೊತೆ ಓರಿನ್ ಕೂಡ ಒಮ್ಮೊಮ್ಮೆ ನಕ್ಕಿದ್ದ, ಬೇರೆ ಕಾರಣವಿಲ್ಲದೆ, ಅವನ ಮುಖ ನೋಡಿದರೆ ನಗು ಬರುತ್ತಿತ್ತು ಎಂಬುದಕ್ಕಷ್ಟೆ.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ," ಎಂದ ಗಾರ್ತ್. ಅವನ ಕುತ್ತಿಗೆ ಕೆಂಪಾಗಿತ್ತು. "ಒಳಗೆ ಬಿಳಿ ಇಲ್ಲ ಅಂತ ನಿನಗೆ ಮೊದಲೇ ಗೊತ್ತಾ? ಅದಕ್ಕೇನಾ ಕೊಯ್ಯಲ್ಲ ಅಂತಿರೋದು?"

ಓರಿನ್‌ಗೆ ಕಪಾಳಕ್ಕೆ ಬಿದ್ದಂತಾಯಿತು. ಈ ಮುಠ್ಠಾಳ, ಈ ಪೆಟ್ಟಿಗೆಗೆ ಬೆಲ್ಟು ಹಾಕುವವನು, ತನ್ನ ಮಾತನ್ನು ಪ್ರಶ್ನಿಸುತ್ತಿದ್ದಾನೆ. ಕೈ ಬಗ್ಗೆ ಹೇಳಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾಲ್ಕು ಪದ ಸಾಕಿತ್ತು. ಆದರೆ ಆ ನಾಲ್ಕು ಪದದ ನಂತರ ಗಾರ್ತ್‌ನ ಮುಖದಲ್ಲಿ ಮೂಡುವ ಕನಿಕರ ಅವನ ಕಣ್ಣಿಗೆ ಕಟ್ಟಿತು. ಭುಜದ ಮೇಲೆ ಕೈ ಇಡುತ್ತಾನೆ. ಭಾಷಣಕ್ಕೆ ಬರುವವರಿಗೆಲ್ಲ ಮೆಲ್ಲಗೆ ಹೇಳುತ್ತಾನೆ, ಪಾಪ ಓರಿನ್ ಎಂದು. ಪಾಪ ಎನ್ನಿಸಿಕೊಳ್ಳುವುದಕ್ಕಿಂತ ಸುಳ್ಳ ಎನ್ನಿಸಿಕೊಳ್ಳಬಹುದೇ ಎಂದು ಒಂದು ಕ್ಷಣ ತೂಗಿ ನೋಡಿದ. ಎರಡೂ ಆಗಲಿಲ್ಲ.

"ಕತ್ತರಿ ಕೊಡು, ನಾನೇ ಕೊಯ್ತೀನಿ," ಎಂದು ಗಾರ್ತ್ ಕೈ ನೀಡಿದ. ಅಗಲವಾದ, ಒರಟಾದ, ಕಲ್ಲಿನಂತೆ ನಿಶ್ಚಲವಾದ ಕೈ.

"ನಿನ್ನ ಕೈಗೆ ಕತ್ತರಿ ಕೊಟ್ರೆ ಮರಿ ಎರಡು ತುಂಡಾಗಿ ಬರುತ್ತೆ. ಸರ್ಕೋ ಆ ಕಡೆ," ಎಂದ ಓರಿನ್.

ಟಾರ್ಚನ್ನು ಗಾರ್ತ್‌ನಿಂದಲೇ ಹಿಡಿಸಿದ. ಬೆಳಕು ತಾಗಿದ ಮೊದಲ ಮೊಟ್ಟೆ ಒಳಗಿನಿಂದ ನಸುಗೆಂಪಾಗಿ ಹೊಳೆಯಿತು. ರಕ್ತನಾಳಗಳು ಕವಲೊಡೆದು ಹಬ್ಬಿದ್ದವು, ನಡುವೆ ಕಪ್ಪಗೆ ಸುತ್ತಿಕೊಂಡದ್ದು ಒಂದು ಸಲ ಮಿಸುಕಿತು. ನಾಳವಿಲ್ಲದ ಜಾಗ ಚುಕ್ಕೆಯ ಪಕ್ಕದಲ್ಲೇ ಇತ್ತು, ಉಗುರಿನಷ್ಟು. ಬಾಗಿದ ತುದಿಯ ಪುಟ್ಟ ಕತ್ತರಿ. ಬಲ ಮೊಣಕೈಯನ್ನು ಮೇಜಿಗೆ ಊರಿದ, ಮಣಿಕಟ್ಟನ್ನು ಪೆಟ್ಟಿಗೆಯ ಅಂಚಿಗೆ ಒತ್ತಿದ, ಉಸಿರು ಬಿಗಿಹಿಡಿದ. ಆಶ್ಚರ್ಯ, ಕೈ ನಿಂತಿತು. ಸಿಪ್ಪೆಯನ್ನು ಚಿವುಟಿ ಎತ್ತಿ ಮೊದಲ ಕತ್ತರಿ ಹಾಕಿದ. ಒದ್ದೆ ಚರ್ಮದಂಥ ಸಿಪ್ಪೆ ಸದ್ದಿಲ್ಲದೆ ಬಿಚ್ಚಿಕೊಂಡಿತು, ತಿಳಿನೀರು ಜಿನುಗಿತು. ಎಂಥ ಸಂತೋಷ ಅವನಿಗೆ! ಎಲ್ಲಿ ನಡುಕ, ಯಾವ ನಡುಕ, ಆ ಮೀಸೆ ಬಲಿಯದವನಿಗೇನು ಗೊತ್ತು ಎಂದುಕೊಂಡ. ಅದೇ ಮೊಟ್ಟೆಗೆ ಎರಡನೆಯದು ಹಾಕಿದ. ಮೂರನೆಯದಕ್ಕೆ ತುದಿಯನ್ನು ಒಳಗೆ ತೂರಿಸಿದಾಗ, ಇದೊಂದು ಸರಿಯಾದರೆ ಸಾಕು ಎಂದು ಮನಸ್ಸು ಬಯಸಿದ್ದೇ ತಡ, ಕೈ ಶುರುವಾಯಿತು. ಕತ್ತರಿ ಸಿಪ್ಪೆಯೊಳಗೆ ಎರಡು ಮೂರು ಸಲ ಟಕಟಕನೆ ಬಡಿಯಿತು. ಅವನು ಹೊರಗೆಳೆಯುವ ಮೊದಲೇ ಅದರ ಅಲಗುಗಳು ಒಂದಾಗಿದ್ದವು.

"ಬಿಳಿ!" ಎಂದು ಗಾರ್ತ್ ಕೂಗಿದ. ಕಿಂಡಿಯಲ್ಲಿ ಕಂಡದ್ದು ಬಿಳಿಯೇ, ಹಾಲಿನಂಥ ಬಿಳಿ, ಅದರ ಮೇಲೆ ತೇಗದ ಬಣ್ಣದ ಎರಡು ಮಚ್ಚೆ. "ಬಿಳಿ ಬಂತು ಓರಿನ್! ಮೊದಲನೇದರಲ್ಲೇ! ನಿನ್ನ ಮಾತು ನಿಜ ಕಣಯ್ಯ, ನಿಜ, ನಾನು ಕತ್ತೆ, ನಿನ್ನ ಮೇಲೆ ಅನುಮಾನ ಪಟ್ಟೆ, ಬೈದುಬಿಡು ನನ್ನ!" ಅವನು ಓರಿನ್‌ನ ಹೆಗಲು ಹಿಡಿದು ಅಲುಗಿಸುತ್ತಿದ್ದ, ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಕಿಂಡಿಯ ತಿಳಿನೀರಿನಲ್ಲಿ ಕೆಂಪು ಒಂದು ಎಳೆಯಾಗಿ ಬಂತು, ಆಮೇಲೆ ತುಂಬಿಕೊಂಡಿತು. ಬಿಳಿ ಮೈ ಒಮ್ಮೆ ಬಿಗಿದುಕೊಂಡು ಸಡಿಲಾಯಿತು. ಗಾರ್ತ್‌ನ ಕೈ ಹೆಗಲಿನಿಂದ ಜಾರಿತು. ಬೆರಳಲ್ಲಿ ಕಿಂಡಿ ಅಗಲಿಸಿ ನೋಡಿದ. ಮರಿಯ ಕುತ್ತಿಗೆಯ ಹತ್ತಿರ ಕತ್ತರಿಯ ಗಾಯ ಇತ್ತು, ಅಚ್ಚುಕಟ್ಟಾದ ಗಾಯ.

"ಮೊದಲೇ ಸರಿ ಇರಲಿಲ್ಲ ಅದು," ಎಂದ ಓರಿನ್. ತನ್ನ ಧ್ವನಿ ಭಾಷಣದ ಧ್ವನಿಯೇ ಆಗಿ ಬಂದದ್ದು ಅವನಿಗೇ ಕೇಳಿಸಿತು. "ಬಲ ಇರಲಿಲ್ಲ. ನಿನ್ನ ಪೆಟ್ಟಿಗೇಲಿ ಬಿಸಿ ಜಾಸ್ತಿ ಆಗಿದೆ, ಮರಿ ಮೇಲಕ್ಕೆ ಬಂದುಬಿಟ್ಟಿದೆ. ಥರ್ಮಾಮೀಟರ್ ಹಳೇದಿರಬೇಕು. ಎಷ್ಟು ಸಲ ಹೇಳಿದೀನಿ, ಎರಡು ಇಟ್ಕೋ ಅಂತ."

ಗಾರ್ತ್ ಕೇಳಿಸಿಕೊಳ್ಳುತ್ತಿರಲಿಲ್ಲ. ಅವನು ಕತ್ತರಿ ನೋಡುತ್ತಿದ್ದ. ಓರಿನ್‌ನ ಕೈಯಲ್ಲಿ ಅದು ಥರ್ಮೊಕೋಲಿನ ಅಂಚಿಗೆ ತಾಗಿ ಟಕಟಕ ಎನ್ನುತ್ತಲೇ ಇತ್ತು, ಮರಕುಟಿಕ ಕುಟ್ಟಿದಂತೆ.

"ಯಾವಾಗಿಂದ?" ಎಂದ ಗಾರ್ತ್.

"ಏನು ಯಾವಾಗಿಂದ?"

ಗಾರ್ತ್ ಓರಿನ್‌ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕತ್ತರಿ ತೆಗೆದುಕೊಂಡ, ಸತ್ತದ್ದನ್ನು ಬೇರೆ ಮಾಡಿ ಮೇಜಿನ ಮೇಲಿಟ್ಟ, ಉಳಿದ ಐದರ ಪೆಟ್ಟಿಗೆಯನ್ನು ಎತ್ತಿಕೊಂಡ. ಮೆಟ್ಟಿಲಿನ ಬುಡದಲ್ಲಿ ನಿಂತು, "ನಡೀನ್‌ಗೆ ಗೊತ್ತಾ?" ಎಂದು ಕೇಳಿದ. ಓರಿನ್ ಬಲಗೈಯನ್ನು ಜೇಬಿಗೆ ತುರುಕಿದ. "ಗೊತ್ತಿದ್ದೂ ನನ್ನ ಮೊಟ್ಟೆ ಮುಟ್ಟಿದೆಯಲ್ಲೋ. ನಾನು ಕೈ ಚಾಚಿದ್ದೆ. ಚಾಚಿದ್ದೆ ನಾನು."

ಮೇಲೆ ಅಡುಗೆಮನೆಯಲ್ಲಿ ಕುರ್ಚಿ ಎಳೆದ ಸದ್ದು. ನಡೀನ್‌ಳ ಪ್ರಶ್ನೆ, ಗಾರ್ತ್‌ನ ಎರಡು ಮಾತು. ಮರದ ಚಾವಣಿಯ ಸಂದಿನಿಂದ ಎಲ್ಲವೂ ಕೆಳಗೆ ಕೇಳುತ್ತದೆ, ಮೂವತ್ತೊಂದು ವರ್ಷದಿಂದ ಕೇಳುತ್ತಿದೆ. "ಟಾರ್ಚು ಇನ್ನೂ ಸ್ವಲ್ಪ ಈ ಕಡೆ ನಡೀನ್. ಹಾಂ, ಹಾಗೇ." ತನ್ನ ಹೆಂಡತಿ ಬೆಳಕು ಹಿಡಿದಿದ್ದಾಳೆ. ಅವಳ ಕೈ ಅಲುಗುವುದಿಲ್ಲ, ಅವನ ಕೈಯೂ ಅಲುಗುವುದಿಲ್ಲ, ಇಬ್ಬರೂ ಸೇರಿ ತನ್ನ ಕೆಲಸ ಮಾಡುತ್ತಿದ್ದಾರೆ. ಓರಿನ್ ಸತ್ತ ಮರಿಯನ್ನು ನೋಡದೆ ನಿಂತಿದ್ದ. ಮೇಲಿನಿಂದ ಗಾರ್ತ್ ಅಂದ, "ಕಂದು." ಬಹಳ ಹೊತ್ತಿನ ಮೇಲೆ ಮತ್ತೆ, "ಕಂದು." ಇನ್ನು ಮೂರಿವೆ. ಒಂದಾದರೂ, ಒಂದೇ ಒಂದಾದರೂ ಬಿಳಿ ಬರಲಿ ಎಂದು ಓರಿನ್ ಹಲ್ಲು ಕಚ್ಚಿಕೊಂಡು ಬೇಡಿದ, ಯಾರನ್ನು ಎಂದು ತಿಳಿಯದೆ. ಗಾರ್ತ್‌ನ ಒಳ್ಳೆಯದಕ್ಕಲ್ಲ. ತಾನು ಕೊಂದದ್ದು ಆರರಲ್ಲಿ ಒಂದಾಗಿ ಹೋಗಲಿ, ಇದ್ದ ಒಂದೇ ಒಂದು ಬಿಳಿ ಆಗದಿರಲಿ ಎಂದು. "ಕಂದು," ಎಂಬ ದನಿ. "ಇದೂ ಕಂದೇ," ಎಂದಳು ನಡೀನ್. ಐದನೆಯದಕ್ಕೆ ಯಾರೂ ಏನೂ ಹೇಳಲಿಲ್ಲ. ಕತ್ತರಿಯನ್ನು ಮೇಜಿನ ಮೇಲಿಟ್ಟ ಸದ್ದು ಮಾತ್ರ ಬಂತು.

ಇವತ್ತು ಗುರುವಾರ, ಡೀಕನ್‌ನ ಊಟದ ದಿನ ಎಂಬುದು ಯಾಕೋ ನೆನಪಿಗೆ ಬಂತು. ಬೆಳಗ್ಗೆ ಫ್ರೀಜರಿನಿಂದ ತೆಗೆದು ಬಿಸಿನೀರಿಗೆ ಹಾಕಿದ್ದ ಸತ್ತ ಇಲಿ ಮೆದುವಾಗಿತ್ತು. ಡಬ್ಬಿ ಎಳೆದ. ಡೀಕನ್ ವಾಸನೆ ಹಿಡಿದು ತಲೆಯೆತ್ತಿತು. ಎತ್ತಿದ್ದೇ ತಲೆ ತಿರುಚಿಕೊಂಡು, ಗಲ್ಲ ಚಾವಣಿ ನೋಡಿ, ಮತ್ತೆ ತಿರುಗಿ ಓಲಾಡತೊಡಗಿತು. ಇಕ್ಕಳದಲ್ಲಿ ಹಿಡಿದರೆ ಆ ಇಕ್ಕಳವೂ ಕಟಕಟ ಎನ್ನುತ್ತದೆ, ಮೇಲಿನವರಿಗೆ ಕೇಳುತ್ತದೆ. ಹಾಗೆಂದು ಅವನು ಇಕ್ಕಳ ಬಿಟ್ಟು ಬಾಲ ಹಿಡಿದು ಬರಿಗೈಯಲ್ಲೇ ಇಲಿಯನ್ನು ಚಾಚಿದ. ಹದಿನೈದು ವರ್ಷದಲ್ಲಿ ಎಂದೂ ಮಾಡದ ಕೆಲಸ. ಇಲಿ ನಡುಗುತ್ತಿತ್ತು, ಅದರೆದುರು ತಲೆ ತೂಗುತ್ತಿತ್ತು. ಹಾವು ಎರಗಿತು, ತಪ್ಪಿತು. ಮತ್ತೆ ಎರಗಿತು, ಡಬ್ಬಿಯ ಗೋಡೆಗೆ ಮೂತಿ ಬಡಿಯಿತು. "ಥೂ, ಹಿಡಿಯೋ ದರಿದ್ರದವನೇ," ಎಂದು ಓರಿನ್ ಗದರಿದ. ಬಾಗಿಲಲ್ಲಿ ನಿಂತು ಅತ್ತಿದ್ದ ಹೆಂಗಸಿನ ಹೆಸರೇನೆಂದು ನೆನಪಿಸಿಕೊಳ್ಳಲು ನೋಡಿದ. ಅವನು ಅದನ್ನು ಕೇಳಿಯೇ ಇರಲಿಲ್ಲ. ಮೂರನೆಯ ಸಲ ಡೀಕನ್ ಎರಗಿದಾಗ ಹೆಬ್ಬೆರಳಿನ ಬುಡಕ್ಕೆ ಬೆಂಕಿ ತಾಗಿದಂತಾಯಿತು. ಇಲಿ ಕೆಳಗೆ ಬಿತ್ತು. ಹಾವು ಹಿಡಿತ ಬಿಡದೆ ಮೈ ಎಳೆದುಕೊಂಡು ಅಂಗೈಗೆ ಒಂದು, ಮಣಿಕಟ್ಟಿಗೆ ಒಂದು, ಮೊಣಕೈಯ ಕೆಳಗೆ ಇನ್ನೊಂದು ಸುತ್ತು ಹಾಕಿ ಬಿಗಿಯಿತು.

ನೋವಿಗೆ ಕಣ್ಣು ಕತ್ತಲಾದರೂ ಅವನು ಕೂಗಲಿಲ್ಲ. ಕೈ ಎತ್ತಿ ಮುಖದ ಮುಂದೆ ಹಿಡಿದ. ಬೆರಳುಗಳು ನೀಲಿಯಾಗುತ್ತಿದ್ದವು. ರಕ್ತದ ಒಂದು ಗೆರೆ ಮೊಣಕೈವರೆಗೆ ಇಳಿದಿತ್ತು. ಆದರೆ ಕೈ ಅಲುಗುತ್ತಿರಲಿಲ್ಲ. ಗಾಳಿಯಲ್ಲಿ, ಏನಕ್ಕೂ ಆತುಕೊಳ್ಳದೆ, ಹಳೆಯ ಕೈ ನಿಂತ ಹಾಗೆ ನಿಂತಿತ್ತು. ಹಿಡಿತದಲ್ಲಿ ಡೀಕನ್‌ನ ತಲೆಯೂ ಅಲುಗುತ್ತಿರಲಿಲ್ಲ.

ಮೆಟ್ಟಿಲಿಳಿದು ಗಾರ್ತ್ ಬಂದ. "ಸತ್ತಿದ್ದನ್ನ ಕೊಡು, ಮನೆಗೆ ತಗೊಂಡು ಹೋಗ್ತೀನಿ," ಎನ್ನುತ್ತ ಬಂದವನು ನಿಂತ. ನೋಡಿದ. ಅಂಗಿಯ ತೋಳು ಮಡಿಸಿಕೊಂಡು ಹತ್ತಿರ ಬಂದು ಬಾಲದ ತುದಿ ಹುಡುಕಿ ಹಿಡಿದ.

"ಬೇಡ," ಎಂದ ಓರಿನ್. "ಸ್ವಲ್ಪ ಹೊತ್ತು ಇರಲಿ ಗಾರ್ತ್."

"ಎಳೀಬಾರದು, ಬಾಲದ ಕಡೆಯಿಂದ ಬಿಡಿಸಬೇಕು. ನೀನೇ ಹೇಳ್ಕೊಟ್ಟಿದ್ದಲ್ವಾ?" ಗಾರ್ತ್‌ನ ದನಿಯಲ್ಲಿ ಕನಿಕರ ಇರಲಿಲ್ಲ. ಓರಿನ್ ಹೆದರಿದ್ದ ಆ ಕನಿಕರ ಒಂದು ಹನಿಯೂ ಇರಲಿಲ್ಲ. ಮೊಣಕೈಯ ಕೆಳಗಿನ ಸುತ್ತು ಬಿಚ್ಚಿತು.

"ನಿನ್ನ ಪೆಟ್ಟಿಗೇಲಿ ಬಿಸಿ ಸರಿಯಾಗೇ ಇತ್ತು," ಎಂದ ಓರಿನ್.

"ಗೊತ್ತು ನನಗೆ."

"ನಿನ್ನ ಕಾಲಿಗೆ ಬೀಳ್ತೀನಿ, ಒಂದು ನಿಮಿಷ ಬಿಡು."

ಗಾರ್ತ್ ಬಿಡಲಿಲ್ಲ. ಮಣಿಕಟ್ಟಿನ ಸುತ್ತು ತೆಗೆದ, ಅಂಗೈಯದು ತೆಗೆದ, ಅವಸರವಿಲ್ಲದೆ, ಒಳ್ಳೆಯ ವಿದ್ಯಾರ್ಥಿಯಂತೆ. ಕೊನೆಗೆ ಹಲ್ಲುಗಳನ್ನೂ ಬಿಡಿಸಿ ಹಾವನ್ನು ಡಬ್ಬಿಗೆ ಹಾಕಿ ಮುಚ್ಚಿದ. ಓರಿನ್‌ನ ಕೈ ಇನ್ನೂ ಗಾಳಿಯಲ್ಲೇ ಇತ್ತು. ಇಬ್ಬರೂ ಅದನ್ನೇ ನೋಡುತ್ತ ನಿಂತರು. ಸ್ವಲ್ಪ ಹೊತ್ತಿಗೆ ಅದು ಶುರುವಾಯಿತು.